ಕಂಠಕ್ಕೊಪ್ಪುವ ಗೀತೆ

1133ರ ಪಾರ್ಶ್ವನಾಥ ಬಸದಿಯಿರುವ ಬಸ್ತಿಹಳ್ಳಿಯಲ್ಲಿ, ಮದುವೆಮನೆಯ ಸೋಬಾನೆಗೆ ಅಳುಕಿಲ್ಲದೆ ದನಿಗೂಡಿಸುವ ಗೃಹಿಣಿಯರು, ಕರೋಕೆಯ ಮೈಕನ್ನು ಕೈಗಿತ್ತೊಡನೆ ಸೆರಗಿನಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹಿಂಜರಿಯುವುದುಂಟಾದರೆ, ಅದಕ್ಕೆ ಕಾರಣವು ಕಂಠದೋಷವಲ್ಲ, ಗೀತೆಯ ಆಯ್ಕೆಯೇ ಎಂಬುದು ನನ್ನ ಮತ. ಎಸ್. ಜಾನಕಿಯವರ ತಾರಸ್ಥಾಯಿಯನ್ನು ಮೊದಲ ದಿನವೇ ಬೆನ್ನಟ್ಟುವುದು ಸಲ್ಲದು. ಅದನ್ನು ಕೇಳಿ ಸುಖಿಸುವುದೇ ಲೇಸು. ಸೋಬಾನೆಯಂತೆಯೇ ಕೆಲವೇ ಸ್ವರಗಳೊಳಗೆ ಸುಳಿದಾಡಿ, ಪಲ್ಲವಿಗೆ ಮರಳಿ ಮರಳಿ ಬರುವಂಥ, ನಡುವೆ ಉಸಿರಿಗೆ ಎಡೆಗೊಡುವಂಥ ಗೀತೆಯನ್ನು ಆರಿಸಿಕೊಳ್ಳಿರಿ. ನಿಸಾರ್ ಅಹಮದರ ‘ನಿತ್ಯೋತ್ಸವ’ವು, ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ ಕಿವಿಗೆ ಚಿರಪರಿಚಿತವಾದುದರಿಂದ, ಆರಂಭಕ್ಕೆ ಯೋಗ್ಯವಾದುದು. ದನಿ ಮೇಲೇರುವ ಎಡೆಯನ್ನು ಮೊದಲು ಗುನುಗಿ ನೋಡಿ, ಗಂಟಲು ಬಿಗಿದರೆ ಶ್ರುತಿಯನ್ನು ಎರಡು ಸ್ವರಸ್ಥಾನ ಇಳಿಸತಕ್ಕದ್ದು. ಆಗಲೂ ಧೈರ್ಯ ಸಾಲದಿದ್ದಲ್ಲಿ ಓರಗಿತ್ತಿಯನ್ನೋ ನಾದಿನಿಯನ್ನೋ ಜೊತೆಗೆ ನಿಲ್ಲಿಸಿಕೊಳ್ಳುವುದರಲ್ಲಿ ಲಜ್ಜೆಯೇನೂ ಇಲ್ಲ.