ಬಾಣಂತಿ ಖೋಲಿಯ ಶೇಗಡಿ

ಒಂದು ಕತೆ ಓದಿರಿ.

ಶಹಾಪುರದ ಕಡೆಯ ಒಂದು ಹಳ್ಳಿ. ಮಗಳು ಹೆರಿಗೆಗೆ ತವರಿಗೆ ಬಂದಿದ್ದಳು. ಕೂಸು ಹುಟ್ಟಿ ಹತ್ತು ದಿನ. ಹೊರಗೆ ಮಾಗಿಯ ಚಳಿ. ತಾಯಿ ಶೇಗಡಿಯಲ್ಲಿ ಇದ್ದಿಲ ಕೆಂಡ ತಂದಳು. ಹೊರಸಿನ ಕೆಳಗೆ ಇಟ್ಟಳು. ಬಾಗಿಲು ಹಾಕಿದಳು. ಬೆಳಕಿಂಡಿಯನ್ನೂ ಮುಚ್ಚಿದಳು.

ನಡುರಾತ್ರಿ ಮಗಳು ಕರೆದಳು.

"ಯವ್ವಾ, ತಲಿ ಸಿಡಿಲಾಕತ್ಯಾದ. ವಾಂತಿ ಬಂದಂಗ ಆಗ್ಯಾದ."

"ದೃಷ್ಟಿ ಆಗಿರಬೇಕು" ಎಂದು ತಾಯಿ ಎದ್ದಳು. ಅವಳಿಗೂ ಕಣ್ಣಿಗೆ ಕತ್ತಲೆ ಬಂತು. ತೆವಳಿ ಹೋಗಿ ಬಾಗಿಲು ತೆರೆದಳು, ಕೂಗಿದಳು. ನೆರೆಯವರು ಓಡಿ ಬಂದು ಮೂವರನ್ನೂ ಅಂಗಳಕ್ಕೆ ತಂದರು. 108ಕ್ಕೆ ಫೋನ್ ಮಾಡಿದರು. ಮೂರು ಜೀವ ಉಳಿದವು.

ದವಾಖಾನೆಯಿಂದ ಮನೆಗೆ ಬಂದ ಮೇಲೆ ಆಶಾ ಕಾರ್ಯಕರ್ತೆ ನೋಡಲು ಬಂದಳು.

"ಯವ್ವಾ, ಅದು ದೃಷ್ಟಿ ಅಲ್ಲ. ಕೆಂಡದ ಗಾಳಿ."

"ಹೊಗಿನೇ ಇರಲಿಲ್ಲಲ್ಲ ತಂಗಿ?"

"ಹೊಗಿ ಇದ್ರ ಕಣ್ಣು ಉರಿತದ, ಹೊರಗ ಓಡ್ತೀವಿ. ಈ ಗಾಳಿ ಹಂಗಲ್ಲ. ಬಣ್ಣ ಇಲ್ಲ, ವಾಸನಿ ಇಲ್ಲ."

ಈ ಗಾಳಿಯ ಹೆಸರು ಕಾರ್ಬನ್ ಮಾನಾಕ್ಸೈಡ್. ಇದ್ದಿಲು, ಕುಳ್ಳು, ತೊಗರಿಕಟ್ಟಿಗೆ ಯಾವುದು ಉರಿದರೂ ಇದು ಹುಟ್ಟುತ್ತದೆ. ಮುಚ್ಚಿದ ಖೋಲಿಯಲ್ಲಿ ತುಂಬಿಕೊಳ್ಳುತ್ತದೆ. ಉಸಿರಿನೊಡನೆ ರಕ್ತಕ್ಕೆ ಸೇರಿ, ಆಮ್ಲಜನಕದ ಜಾಗ ಹಿಡಿಯುತ್ತದೆ. ಮಲಗಿದವರು ಮಲಗಿದಲ್ಲೇ ಸಾಯಬಹುದು. ಕೂಸಿಗಂತೂ ತಲೆನೋವು ಎಂದು ಹೇಳಲು ಬಾರದು.

ಈ ಗಾಳಿ ತುಂಬಿದರೆ ಕೂಗುವ ಸಣ್ಣ ಯಂತ್ರ ಇದೆ. ಪರದೇಶದ ಬಹಳ ಮನೆಗಳಲ್ಲಿ ಅದನ್ನು ಹಚ್ಚಿರುತ್ತಾರೆ. ತಿಂಗಳಿಗೊಮ್ಮೆ ಗುಂಡಿ ಒತ್ತಿ ನೋಡಬೇಕು. ಧೂಳು ಒರೆಸಬೇಕು. ಸೆಲ್ ಬದಲಿಸಬೇಕು. ನಮ್ಮ ಹಳ್ಳಿಯ ಮನೆಗಳಲ್ಲಿ ಆ ಯಂತ್ರ ಎಲ್ಲಿ? ಕೆಂಡ ಹೊರಗೆ, ಬೆಳಕಿಂಡಿ ತೆರೆದು: ಇದೇ ನಮ್ಮ ಕಾವಲು. ಬೆಳಕಿಂಡಿಯ ಕಸ, ಜೇಡರ ಬಲೆಯನ್ನೂ ತಿಂಗಳಿಗೊಮ್ಮೆ ತೆಗೆಯಿರಿ.

ನೆನಪಿಡಿರಿ

1. ಮಲಗುವ ಮುಂಚೆ ಶೇಗಡಿ ಹೊರಗಿಡಿರಿ. ಬೂದಿ ಮುಚ್ಚಿದ ಕೆಂಡವೂ ಕೆಂಡವೇ.
2. ಕೂಸನ್ನು ತಾಯಿಯ ಎದೆಗೆ ಅಪ್ಪಿಸಿರಿ. ಕುಲಾಯಿ ಹಾಕಿರಿ. ಬಾಣಂತಿಗೆ ಕೌದಿ ಹೊದಿಸಿರಿ. ಬೆಚ್ಚಗಿರಲು ಕೆಂಡವೇ ಬೇಕಿಲ್ಲ.
3. ದುಡಿಯಲು ಬೆಂಗಳೂರಿಗೆ ಹೋದವರಿಗೂ ಹೇಳಿರಿ: ತಗಡಿನ ಶೆಡ್ಡಿನೊಳಗೆ ಕೆಂಡ ಇಟ್ಟು ಮಲಗಬಾರದು.
4. ಕೆಂಡ ಇಟ್ಟ ಖೋಲಿಯಲ್ಲಿ ತಲೆ ಸುತ್ತಿದರೆ, ವಾಂತಿ ಬಂದರೆ, ಎಲ್ಲರೂ ಹೊರಗೆ ಬನ್ನಿರಿ. 108ಕ್ಕೆ ಫೋನ್ ಮಾಡಿರಿ. ಆರಾಮ ಅನಿಸಿದರೂ ದವಾಖಾನೆಗೆ ಹೋಗಿರಿ.

ಉತ್ತರ ಬರೆಯಿರಿ

1. ತಾಯಿಗೆ ಆ ಗಾಳಿ ಯಾಕೆ ತಿಳಿಯಲಿಲ್ಲ?
2. ಮಲಗುವ ಮುಂಚೆ ಶೇಗಡಿಯನ್ನು ಎಲ್ಲಿಡಬೇಕು?
3. ನಿಮ್ಮ ಓಣಿಯಲ್ಲಿ ಬಾಣಂತಿ ಇದ್ದಾಳೆಯೇ? ಅವಳ ಮನೆಗೆ ಹೋಗಿ ಈ ಪಾಠ ಓದಿ ಹೇಳಿರಿ.