ಶಾಲೆಯಲ್ಲಿ ಬಯಲಾಟ ಕಲಿಸಬೇಕೆ? ಅನುದಾನದ ಅರ್ಜಿ ಹೀಗಿರಲಿ

ನಟ ಬಳ್ಳಾರಿ ರಾಘವ, ಗಮಕಿ ಜೋಳದರಾಶಿ ದೊಡ್ಡನಗೌಡ, ತೊಗಲುಗೊಂಬೆಯ ಬೆಳಗಲ್ಲು ವೀರಣ್ಣ, ಬುರ್ರಕಥೆಯ ದರೋಜಿ ಈರಮ್ಮ ಬಾಳಿದ ಬಳ್ಳಾರಿ ಜಿಲ್ಲೆ ನಮ್ಮದು. ಸಿರುಗುಪ್ಪ, ಕುರುಗೋಡು ಕಡೆಯ ಹಳ್ಳಿಗಳಲ್ಲಿ ಬಯಲಾಟದ ಮಾತು ಬಾಯಿಪಾಠ ಇರುವ ಹಿರಿಯರು ಇನ್ನೂ ಸಿಗುತ್ತಾರೆ. ಇಷ್ಟಿದ್ದೂ ಹೆಚ್ಚಿನ ಶಾಲೆಗಳಲ್ಲಿ ಕಲೆ ಅಂದರೆ ಪ್ರತಿಭಾ ಕಾರಂಜಿ ಸ್ಪರ್ಧೆಗೆ ಹತ್ತು ದಿನ ಮುಂಚೆ ಉರು ಹೊಡೆಸುವ ಒಂದು ಹಾಡು, ಒಂದು ಕುಣಿತ. ವರ್ಷವಿಡೀ ಕಲಿಸೋಣ ಎಂದು ಹೊರಡುವ ಮೇಷ್ಟ್ರಿಗೆ ಎದುರಾಗುವ ಮೊದಲ ಪ್ರಶ್ನೆಯೇ ದುಡ್ಡು ಎಲ್ಲಿಂದ ಎನ್ನುವುದು.

ಯಾವ ಬಾಗಿಲು ತಟ್ಟಬೇಕು?

ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ (ಐಎಫ್‌ಎ) 1993ರಲ್ಲಿ ಹುಟ್ಟಿದ ಸ್ವತಂತ್ರ ಸಂಸ್ಥೆ. 1995ರಿಂದ ಕಲೆಗೆ ಅನುದಾನ ಕೊಡುತ್ತಿದೆ. ಅದರ ‘ಕಲಿ-ಕಲಿಸು’ ಕಾರ್ಯಕ್ರಮ ಕರ್ನಾಟಕದ ಸರ್ಕಾರಿ ಶಾಲೆಗಳನ್ನೇ ಗಮನದಲ್ಲಿಟ್ಟುಕೊಂಡದ್ದು. ಶಿಕ್ಷಕರು, ಕಲಾವಿದರು ತಮ್ಮ ಹೆಸರಿನಲ್ಲೇ ಅರ್ಜಿ ಹಾಕಬಹುದು, ಕನ್ನಡದಲ್ಲೇ ಬರೆಯಬಹುದು. ಒಬ್ಬ ಮೇಷ್ಟ್ರು, ಒಂದು ಶಾಲೆ ಎನ್ನುವವರಿಗೆ ಇದಕ್ಕಿಂತ ಸಲೀಸಾದ ದಾರಿ ನನಗೆ ಕಂಡಿಲ್ಲ. ಮೊತ್ತದ ಮಿತಿ ಮತ್ತು ಕೊನೆಯ ದಿನಾಂಕವನ್ನು ಆಯಾ ವರ್ಷದ ಪ್ರಕಟಣೆಯಲ್ಲಿ ನೋಡಿಕೊಳ್ಳಿ.

ನೋಂದಾಯಿತ ಸಂಘವಿದ್ದರೆ ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಧನಸಹಾಯಕ್ಕೆ ಸೇವಾ ಸಿಂಧು ಜಾಲತಾಣದ ಮೂಲಕ ಅರ್ಜಿ ಹಾಕಬಹುದು. ನೋಂದಣಿ ಪತ್ರ, ಲೆಕ್ಕ ಪರಿಶೋಧನಾ ವರದಿ, ಹಿಂದಿನ ಕಾರ್ಯಕ್ರಮಗಳ ಫೋಟೊ ಸಿದ್ಧವಿರಲಿ. ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ (ಸಿಎಸ್‌ಆರ್) ಹಣಕ್ಕೂ ದಾರಿಯಿದೆ. 2013ರ ಕಂಪನಿ ಕಾಯ್ದೆಯ ಏಳನೇ ಪರಿಚ್ಛೇದದ ಪಟ್ಟಿಯಲ್ಲಿ ಶಿಕ್ಷಣವೂ ಇದೆ, ಸಾಂಪ್ರದಾಯಿಕ ಕಲೆಗಳೂ ಇವೆ. ಆದರೆ ಅದಕ್ಕೆ ಆದಾಯ ತೆರಿಗೆ ನೋಂದಣಿ, ಸಿಎಸ್‌ಆರ್-1 ನೋಂದಣಿ ಎಂದು ಕಾಗದದ ಕಟ್ಟೇ ಬೇಕು. ಗಣಿಯ ಜಿಲ್ಲೆಯಲ್ಲವೇ, ಜಿಲ್ಲಾ ಖನಿಜ ನಿಧಿಯನ್ನೇ ಕೇಳೋಣ ಎನ್ನುವವರೂ ಇದ್ದಾರೆ. ಅದು ಕಟ್ಟಡ, ಕುಡಿಯುವ ನೀರಿನಂಥ ದೊಡ್ಡ ಕಾಮಗಾರಿಗಳ ಲೆಕ್ಕ. ಮೂವತ್ತು ಮಕ್ಕಳ ಬಯಲಾಟಕ್ಕೆ ಅಲ್ಲಿ ಅಲೆಯಬೇಡಿ. ಹಾಗೆಯೇ ಅನುದಾನ ಸಿಗಲಿ ಎಂಬ ಒಂದೇ ಆಸೆಗೆ ಹೊಸ ಟ್ರಸ್ಟ್ ಕಟ್ಟಲೂ ಹೋಗಬೇಡಿ.

ಮೊದಲು ಠರಾವು, ಆಮೇಲೆ ಅರ್ಜಿ

ಸರ್ಕಾರಿ ಶಾಲೆಯ ಶಿಕ್ಷಕರು ಮೊದಲು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸಭೆಯಲ್ಲಿ ವಿಷಯ ಇಟ್ಟು ಠರಾವು ಮಾಡಿಸಿಕೊಳ್ಳಿ. ಅದರ ನಕಲಿನ ಜೊತೆ ಮುಖ್ಯಗುರುಗಳ ಒಪ್ಪಿಗೆ ಪತ್ರ ಇಟ್ಟು, ಕ್ಷೇತ್ರ ಶಿಕ್ಷಣಾಧಿಕಾರಿಗಳ ಅನುಮತಿ ಲಿಖಿತವಾಗಿಯೇ ಪಡೆಯಿರಿ. ಹಣ ನಿಮ್ಮ ಸ್ವಂತ ಖಾತೆಗೆ ಬರುವುದಾದರೆ ಆ ಮಾತು ಅನುಮತಿ ಪತ್ರದಲ್ಲಿ ಸ್ಪಷ್ಟವಾಗಿರಲಿ. ‘ಮಾಡ್ರಿ ಸರ್, ನಾವಿದ್ದೀವಿ’ ಎಂಬ ಬಾಯಿಮಾತು ಆಡಿದವರ ವರ್ಗಾವಣೆಯಾದ ದಿನವೇ ಮುಗಿಯುತ್ತದೆ.

ಅರ್ಜಿಯ ಜೀವ ಅದರ ಮೊದಲ ಪುಟ. ‘ನಶಿಸುತ್ತಿರುವ ಜಾನಪದ ಕಲೆಯ ಉಳಿವಿಗಾಗಿ’ ಎಂದು ಶುರುವಾಗುವ ಅರ್ಜಿಗಳು ಓದುವವರ ಮೇಜಿನ ಮೇಲೆ ರಾಶಿ ಬಿದ್ದಿರುತ್ತವೆ. ನಿಮ್ಮ ಶಾಲೆಯಲ್ಲಿ, ನಿಮ್ಮ ಮಕ್ಕಳ ಜೊತೆ ಏನು ನಡೆಯುತ್ತದೆ ಎಂದು ಬರೆಯಿರಿ. ಬಳ್ಳಾರಿ ನಗರದ ಶಾಲೆಯವರಿಗೆ ಹತ್ತಿರದ ಕಪ್ಪಗಲ್ಲು ಗುಡ್ಡವಿದೆ. ಅಲ್ಲಿಯ ಬಂಡೆಗಳ ಮೇಲೆ ನವಶಿಲಾಯುಗದ ಕಾಲದಿಂದ ಕೊರೆದ ಚಿತ್ರಗಳಿವೆ, ಕಲ್ಲಿನಿಂದ ಬಡಿದರೆ ನಾದ ಕೊಡುವ ಬಂಡೆಗಳಿವೆ. ಮಕ್ಕಳು ಚಿತ್ರಗಳನ್ನು ನೋಡಿ ಬರೆದುಕೊಂಡು, ಬಂಡೆ ನಾದ ಕೊಡುವುದೇಕೆ ಎಂದು ಕೇಳಿಕೊಂಡು, ಶಾಲೆಗೆ ಬಂದು ಅವುಗಳಿಂದಲೇ ಕಥೆ ಕಟ್ಟುವ ಯೋಜನೆಯಲ್ಲಿ ಇತಿಹಾಸ, ಚಿತ್ರಕಲೆ, ವಿಜ್ಞಾನ ಮೂರೂ ಕೂಡುತ್ತವೆ. ಸ್ಮಾರಕವನ್ನು ಮುಟ್ಟಿ ಕೆಡಿಸುವುದಿಲ್ಲ ಎಂಬ ಸಾಲು ಮರೆಯಬೇಡಿ. ಕುರುಗೋಡಿನವರಿಗೆ ದೊಡ್ಡಬಸವೇಶ್ವರ ಗುಡಿಯ ಏಕಶಿಲಾ ಬಸವಣ್ಣನೇ ಸಾಕು. ಅಳತೆ ತೆಗೆಯುವುದರಿಂದ ಹಿಡಿದು ಮಣ್ಣಿನಲ್ಲಿ ಮಾಡುವವರೆಗೆ ಅರ್ಧ ವರ್ಷದ ಕೆಲಸ ಅಲ್ಲಿದೆ.

ಸಿರುಗುಪ್ಪ ತಾಲ್ಲೂಕಿನಲ್ಲಿ ಬಯಲಾಟ ಕಲಿಸುವುದಾದರೆ ವೇಳಾಪಟ್ಟಿಯಲ್ಲಿ ಜಾಣತನ ಬೇಕು. ಹತ್ತಿ, ಮೆಣಸಿನಕಾಯಿ ಬಿಡಿಸುವ ಹೊತ್ತಿಗೆ ಹಾಜರಾತಿ ಇಳಿಯುತ್ತದೆ. ಮಾರ್ಚ್ ಬಂತೆಂದರೆ ಪರೀಕ್ಷೆ. ಆದ್ದರಿಂದ ಜುಲೈಯಲ್ಲಿ ಆರಂಭಿಸಿ, ದಸರೆ ರಜೆಗೆ ಮುಂಚೆ ಅರ್ಧ ಪ್ರಸಂಗ ಮುಗಿಸುವಂತೆ ವಾರಗಳನ್ನು ಹಂಚಿ. ಮಕ್ಕಳ ಮನೆಮಾತು ತೆಲುಗು ಆಗಿದ್ದರೆ ಅದನ್ನೂ ಬರೆಯಿರಿ. ಗಡಿ ತಾಲ್ಲೂಕಿನಲ್ಲಿ ಎರಡು ಭಾಷೆಯ ಮಕ್ಕಳು ಒಂದೇ ಆಟ ಕಟ್ಟುವುದು ಯೋಜನೆಯ ಬಲವೇ ಹೊರತು ಕೊರತೆಯಲ್ಲ.

ಬಜೆಟ್ಟಿನಲ್ಲಿ ‘ಇತರೆ’ ಬೇಡ

ಒಂದೊಂದು ಸಾಲೂ ಗುಣಾಕಾರದಲ್ಲಿರಲಿ. ಉದಾಹರಣೆಗೆ, ಬಯಲಾಟದ ಮಾಸ್ತರ ಗೌರವಧನ ತರಗತಿಗೆ 1,200 ರೂಪಾಯಿಯಂತೆ 24 ತರಗತಿಗೆ 28,800; ಅವರ ಬಸ್ಸು-ಆಟೊ ಖರ್ಚು ದಿನಕ್ಕೆ 200ರಂತೆ 4,800; ಮೂವತ್ತು ಮಕ್ಕಳ ಉಪಾಹಾರ ತಲೆಗೆ 15ರಂತೆ 10,800. ಆಮೇಲೆ ಮದ್ದಳೆ, ಹಾರ್ಮೋನಿಯಂ ಬಾಡಿಗೆ, ವೇಷದ ಬಟ್ಟೆ, ಬಣ್ಣ, ಕೊನೆಯ ದಿನದ ಶಾಮಿಯಾನ, ಮೈಕು. ಕಿರೀಟ, ಭುಜಕೀರ್ತಿ ಬಾಡಿಗೆಗೆ ತರುವ ಬದಲು ರಟ್ಟು, ಬೇಗಡೆ ಹಾಳೆಯಲ್ಲಿ ಮಕ್ಕಳೇ ಮಾಡಿದರೆ ಖರ್ಚೂ ಕಡಿಮೆ, ಅದೂ ಒಂದು ಪಾಠ. ಕಲಾವಿದರ ಗೌರವಧನವನ್ನು ಮಾತ್ರ ಕಡಿಮೆ ತೋರಿಸಬೇಡಿ. ‘ಶಾಲೆ ಕೆಲಸ, ಊರಿನವರು ಪುಕ್ಕಟೆ ಬರ್ತಾರೆ’ ಎನ್ನುವುದು ನಮ್ಮ ಕಡೆಯ ಕೆಟ್ಟ ಚಾಳಿ. ಒಂದು ದಿನದ ಕೂಲಿ ಬಿಟ್ಟು ಬರುವ ಅಜ್ಜನಿಗೆ ಅದು ಅನ್ಯಾಯ.

ಮೊದಲ ರೂಪಾಯಿ ಬಂದ ದಿನದಿಂದಲೇ ಬೇರೆ ಲೆಕ್ಕದ ಪುಸ್ತಕ ಇಡಿ. ಬಿಲ್ ಕೊಡದವರಿಂದ ವೋಚರ್ ಮೇಲೆ ಸಹಿ ಹಾಕಿಸಿಕೊಳ್ಳಿ. ತರಗತಿ ಮುಗಿದ ಸಂಜೆಯೇ ನಾಲ್ಕು ಸಾಲು ಟಿಪ್ಪಣಿ ಬರೆದಿಡಿ: ಯಾವ ಹುಡುಗಿ ಮೊದಲ ಸಲ ದನಿ ಎತ್ತಿದಳು, ಯಾವ ಪದ್ಯಕ್ಕೆ ತಾಳ ತಪ್ಪಿತು. ವರದಿ ಬರೆಯುವಾಗ ಕೈ ಹಿಡಿಯುವುದು ಅದೇ. ಅರ್ಜಿ ತಿರಸ್ಕೃತವಾದರೆ ಕಾರಣ ಕೇಳಿ ಒಂದು ಇ-ಮೇಲ್ ಹಾಕಿ. ಕೇಳುವುದರಲ್ಲಿ ನಾಚಿಕೆಯೇನಿಲ್ಲ. ಉತ್ತರ ಬಂದರೆ ಮುಂದಿನ ಅರ್ಜಿಗೆ ಆಗುತ್ತದೆ.

ಮುಖ್ಯಗುರುಗಳಲ್ಲೂ ಒಂದು ಮನವಿ. ಇಂಥ ಅರ್ಜಿ ಹಿಡಿದು ನಿಮ್ಮ ಕೋಣೆಗೆ ಬರುವ ಶಿಕ್ಷಕರಿಗೆ ವಾರಕ್ಕೆ ಎರಡು ಅವಧಿ ಮತ್ತು ಒಂದು ಖಾಲಿ ಕೋಣೆಯನ್ನು ಕಾಗದದ ಮೇಲೆಯೇ ಬರೆದುಕೊಡಿ.