ಮೂರು ಕ್ರೆಡಿಟ್ ಎಂದರೆ ಎಷ್ಟು ಗಂಟೆ?

ನನ್ನ ತಂಗಿಯ ಮಗಳು ಮದುವೆಯಾಗಿ ಅಮೆರಿಕಕ್ಕೆ ಹೋಗಿ ನೆಲೆಸಿದವಳು. ಆರು ವರ್ಷಗಳ ಬಳಿಕ ಮತ್ತೆ ಓದಲು ಮನಸ್ಸು ಮಾಡಿದಳು. ನರ್ಸಿಂಗ್ ಕಲಿಯಬೇಕೆಂಬುದು ಅವಳ ಹಳೆಯ ಆಸೆ. ಅಂಗಡಿಯೊಂದರಲ್ಲಿ ವಾರಕ್ಕೆ 40 ಗಂಟೆ ಕೆಲಸ, ಮನೆಯಲ್ಲಿ ಮೂರು ವರ್ಷದ ಮಗು. ಹತ್ತಿರದ ಕಮ್ಯೂನಿಟಿ ಕಾಲೇಜಿನಲ್ಲಿ ನಾಲ್ಕು ಕೋರ್ಸುಗಳನ್ನು ಆರಿಸಿಕೊಂಡು, ಆ ಪಟ್ಟಿಯನ್ನು ತಾಯಿಗೆ ಕಳುಹಿಸಿದ್ದಳು.

"ಎಲ್ಲಾ ಸೇರಿ 13 ಕ್ರೆಡಿಟ್ ಅಂತೆ ಅಣ್ಣ. ವಾರಕ್ಕೆ 13 ಗಂಟೆ ತಾನೇ? ಹೇಗೋ ನಿಭಾಯಿಸ್ತಾಳೆ" ಎಂದಳು ತಂಗಿ.

ನಾನು ಪಟ್ಟಿಯನ್ನು ನೋಡಿದೆ. ತಂಗಿಯ ಲೆಕ್ಕ ತಪ್ಪಾಗಿತ್ತು. ನಮ್ಮ ಧರ್ಮಕೇಂದ್ರಗಳ ಎಷ್ಟೋ ಮನೆಗಳ ಮಕ್ಕಳು ಇಂದು ಹೊರದೇಶಗಳಲ್ಲಿದ್ದಾರೆ. ಇಂಥ ಪಟ್ಟಿ ನಿಮ್ಮ ಮನೆಗೂ ಬರಬಹುದು. ಆದುದರಿಂದ ಅದನ್ನು ಓದುವ ಬಗೆಯನ್ನು ಇಲ್ಲಿ ವಿವರಿಸುತ್ತೇನೆ.

ಕಮ್ಯೂನಿಟಿ ಕಾಲೇಜು ಎಂದರೆ ಮುಖ್ಯವಾಗಿ ಎರಡು ವರ್ಷಗಳ ಪದವಿಯನ್ನು ನೀಡುವ, ಊರಿನ ಜನರಿಗಾಗಿಯೇ ಇರುವ, ಶುಲ್ಕ ಕಡಿಮೆಯಿರುವ ಕಾಲೇಜು. ಇಲಿನಾಯ್ ರಾಜ್ಯದ ಜೋಲಿಯೆಟ್ ಊರಿನಲ್ಲಿ 1901ರಲ್ಲಿ ಆರಂಭವಾದ ಕಾಲೇಜನ್ನು ಇವುಗಳಲ್ಲಿ ಮೊದಲನೆಯದೆಂದು ಹೇಳುತ್ತಾರೆ. ನಮ್ಮ ಕಾಲದಲ್ಲಿ ಕಾಲೇಜು ಸೇರಿದರೆ ವಿಷಯಗಳು ಒಟ್ಟಾಗಿ ಬರುತ್ತಿದ್ದವು, ವೇಳಾಪಟ್ಟಿ ಗೋಡೆಯ ಮೇಲೆ ಸಿದ್ಧವಾಗಿರುತ್ತಿತ್ತು. ಅಲ್ಲಿ ಹಾಗಲ್ಲ. ಪ್ರತಿ ಸೆಮಿಸ್ಟರಿಗೂ ವಿದ್ಯಾರ್ಥಿಯೇ ಕೋರ್ಸುಗಳನ್ನು ಒಂದೊಂದಾಗಿ ಆರಿಸಿ ತನ್ನ ವೇಳಾಪಟ್ಟಿಯನ್ನು ಕಟ್ಟಿಕೊಳ್ಳಬೇಕು. ಶುಲ್ಕವೂ ಸಾಮಾನ್ಯವಾಗಿ ಕ್ರೆಡಿಟ್ ಲೆಕ್ಕದಲ್ಲಿಯೇ. ಹೀಗಿರಲು ಪಟ್ಟಿಯನ್ನು ತಪ್ಪಾಗಿ ಓದಿದರೆ ಸಮಯದ ಜೊತೆಗೆ ಹಣವೂ ಹೋಗುತ್ತದೆ.

ಪಟ್ಟಿಯ ಒಂದು ಸಾಲನ್ನು ತೆಗೆದುಕೊಳ್ಳಿ. ಮೊದಲು ವಿಷಯದ ಸಂಕ್ಷಿಪ್ತ ಹೆಸರು, ಅದರ ಪಕ್ಕ 101ರಂಥ ಒಂದು ಸಂಖ್ಯೆ. ಸಾಮಾನ್ಯವಾಗಿ 100ರಿಂದ ಆರಂಭವಾಗುವುದು ಮೊದಲ ವರ್ಷದ ಮಟ್ಟ, 200ರದು ಎರಡನೆಯದು. ಹಲವು ಕಾಲೇಜುಗಳಲ್ಲಿ 100ಕ್ಕಿಂತ ಕೆಳಗಿನ ಸಂಖ್ಯೆಯಿದ್ದರೆ ಅದು ಬುನಾದಿ ಗಟ್ಟಿಮಾಡುವ ಪಾಠ. ಅದಕ್ಕೆ ಶುಲ್ಕವಿದೆ, ಆದರೆ ಪದವಿಯ ಲೆಕ್ಕಕ್ಕೆ ಅದು ಸೇರುವುದಿಲ್ಲ. ಮುಂದೆ ಸೆಕ್ಷನ್ ಸಂಖ್ಯೆ: ಅದೇ ಪಾಠ ಬೆಳಿಗ್ಗೆ ಒಂದು ತಂಡಕ್ಕೆ, ಸಂಜೆ ಇನ್ನೊಂದು ತಂಡಕ್ಕೆ ನಡೆಯಬಹುದು. ಬಳಿಕ ವಾರಗಳನ್ನು ಸೂಚಿಸುವ ಅಕ್ಷರಗಳು. ಮಂಗಳವಾರ 'ಟಿ'ಯನ್ನು ಮೊದಲೇ ಹಿಡಿದುಕೊಂಡಿರುವುದರಿಂದ ಅನೇಕ ಕಾಲೇಜುಗಳು ಗುರುವಾರಕ್ಕೆ 'ಆರ್' ಎಂದು ಬರೆಯುತ್ತವೆ. (ನನ್ನ ತಂಗಿ ಇದನ್ನು ರವಿವಾರ ಎಂದುಕೊಂಡಿದ್ದಳು!) 'ಪ್ರಿರಿಕ್ವಿಸಿಟ್' ಎಂಬ ಪದವಿದ್ದರೆ ಹಿಂದಿನ ಒಂದು ಪಾಠವನ್ನು ಮುಗಿಸಿರಲೇಬೇಕು. ಇಲ್ಲವಾದರೆ ಸಾಮಾನ್ಯವಾಗಿ ಗಣಕಯಂತ್ರವೇ ಹೆಸರನ್ನು ಸೇರಿಸಿಕೊಳ್ಳುವುದಿಲ್ಲ.

ಇನ್ನು ಕ್ರೆಡಿಟ್. ಅಮೆರಿಕ ಸರಕಾರದ 2010ರ ನಿಯಮ ಕೊಡುವ ಅರ್ಥ ಹೀಗಿದೆ: ಒಂದು ಕ್ರೆಡಿಟ್ ಎಂದರೆ ಸುಮಾರು 15 ವಾರಗಳ ಸೆಮಿಸ್ಟರಿನಲ್ಲಿ ವಾರಕ್ಕೆ ಒಂದು ಗಂಟೆ ತರಗತಿ, ಅದರ ಜೊತೆಗೆ ತರಗತಿಯ ಹೊರಗೆ ಕನಿಷ್ಠ ಎರಡು ಗಂಟೆಗಳ ಓದುಬರಹ. ಅಂದರೆ ಒಂದಲ್ಲ, ಮೂರು. ಮೂರು ಕ್ರೆಡಿಟ್ಟಿನ ಇಂಗ್ಲಿಷ್ ಪಾಠಕ್ಕೆ ವಾರದಲ್ಲಿ 9 ಗಂಟೆ ಬೇಕು. ಪಟ್ಟಿಯಲ್ಲಿ ಕಾಣುವುದು ಮೊದಲ ಮೂರು ಮಾತ್ರ. ಉಳಿದ ಆರು ಗಂಟೆ ಎಲ್ಲಿಯೂ ಅಚ್ಚಾಗಿರುವುದಿಲ್ಲ. ಅವು ಅಡುಗೆಮನೆಯ ಮೇಜಿನ ಮೇಲೆ, ಮಗು ಮಲಗಿದ ಮೇಲೆ, ನಿದ್ರೆಯಿಂದ ಕಳೆದುಕೊಂಡು ಬರಬೇಕಾದ ಗಂಟೆಗಳು.

ಈ ಲೆಕ್ಕ ಹುಟ್ಟಿದ ಕಥೆ ವಿಚಿತ್ರವಾಗಿದೆ. ಉಕ್ಕಿನ ಉದ್ಯಮಿ ಆಂಡ್ರ್ಯೂ ಕಾರ್ನೆಗಿಯವರು 1905ರಲ್ಲಿ ಕಾಲೇಜು ಅಧ್ಯಾಪಕರ ಪಿಂಚಣಿಗಾಗಿ ಒಂದು ಕೋಟಿ ಡಾಲರ್ ದಾನ ಮಾಡಿದರು. ಪಿಂಚಣಿ ಬೇಕಾದರೆ ಕಾಲೇಜುಗಳು ಹೈಸ್ಕೂಲಿನಲ್ಲಿ ನಿರ್ದಿಷ್ಟ ಗಂಟೆಗಳ ಪಾಠ ಮುಗಿಸಿದವರನ್ನಷ್ಟೇ ಸೇರಿಸಿಕೊಳ್ಳಬೇಕೆಂದು ಅವರ ಸಂಸ್ಥೆ ಷರತ್ತು ಹಾಕಿತು. ಕಾಲೇಜಿನ ಪಾಠವನ್ನೂ ಗಂಟೆಗಳಲ್ಲಿ ಅಳೆಯುವ ಪದ್ಧತಿ ಬೇರೂರಿದ್ದು ಅದೇ ಕಾಲದಲ್ಲಿ. ಮೇಷ್ಟ್ರ ಮುಪ್ಪಿನ ಚಿಂತೆಯಿಂದ ಬಂದ ಅಳತೆ ಇಂದು ಮಕ್ಕಳ ತಲೆಯ ಮೇಲೆ ಕುಳಿತಿದೆ.

ಪ್ರಯೋಗಾಲಯದ ಲೆಕ್ಕವೇ ಬೇರೆ. ಅಲ್ಲಿ ಎರಡು ಅಥವಾ ಮೂರು ಗಂಟೆಗಳಿಗೆ ಒಂದೇ ಕ್ರೆಡಿಟ್. ಆದುದರಿಂದ ನರ್ಸಿಂಗ್‌ಗೆ ಮುನ್ನ ಓದಬೇಕಾದ ಅಂಗರಚನಾಶಾಸ್ತ್ರಕ್ಕೆ ನಾಲ್ಕು ಕ್ರೆಡಿಟ್ ಎಂದಿದ್ದರೂ ತರಗತಿಯಲ್ಲಿಯೇ ಆರು ಗಂಟೆ ಇರಬೇಕಾಗಬಹುದು. ದಿನಾಂಕಗಳನ್ನೂ ಗಮನಿಸಿ. ಕೆಲವು ಕೋರ್ಸುಗಳು 8 ವಾರಗಳಲ್ಲಿ ಮುಗಿಯುತ್ತವೆ. ಬೇಗ ಮುಗಿಯಿತೆಂದು ಸಂತೋಷಪಡುವವರು, ಅದೇ ಮೂರು ಕ್ರೆಡಿಟ್ಟಿಗೆ ವಾರಕ್ಕೆ 9ರ ಬದಲು ಸುಮಾರು 17 ಗಂಟೆ ಬೇಕೆಂಬುದನ್ನು ಮರೆಯುತ್ತಾರೆ.

ಎರಡು ವರ್ಷಗಳ ಪದವಿಗೆ ಸಾಮಾನ್ಯವಾಗಿ 60 ಕ್ರೆಡಿಟ್ ಬೇಕು. ಸರಕಾರಿ ನೆರವಿನ ಲೆಕ್ಕದಲ್ಲಿ ಸೆಮಿಸ್ಟರಿಗೆ 12 ಕ್ರೆಡಿಟ್ ತೆಗೆದುಕೊಂಡವರು ಪೂರ್ಣಾವಧಿ ವಿದ್ಯಾರ್ಥಿಗಳು. ಆದರೆ 12ರಂತೆ ನಾಲ್ಕು ಸೆಮಿಸ್ಟರ್ ಓದಿದರೆ ಆಗುವುದು 48. ಎರಡೇ ವರ್ಷಗಳಲ್ಲಿ ಮುಗಿಸಲು 15 ಬೇಕು. ಇದನ್ನು ಯಾರೂ ಬಿಡಿಸಿ ಹೇಳದೆ ಮೂರನೆಯ ವರ್ಷದಲ್ಲಿ ಬೆಚ್ಚಿಬೀಳುವವರಿದ್ದಾರೆ.

ವಿದ್ಯಾರ್ಥಿ ವೀಸಾದಲ್ಲಿ, ಅಂದರೆ ಎಫ್-1ರಲ್ಲಿ, ಹೋದ ಮಕ್ಕಳ ತಂದೆತಾಯಿಯರು ಇದನ್ನು ಎರಡು ಬಾರಿ ಓದಲಿ. ಪದವಿ ಮಟ್ಟದಲ್ಲಿ ಅವರಿಗೆ 12 ಕ್ರೆಡಿಟ್ ಕಡ್ಡಾಯ. ಆನ್‌ಲೈನ್ ಕೋರ್ಸುಗಳಲ್ಲಿ ಸೆಮಿಸ್ಟರಿಗೆ ಒಂದು ಮಾತ್ರ, ಅದೂ ಮೂರು ಕ್ರೆಡಿಟ್ಟಿನ ಮಟ್ಟಿಗೆ, ಈ ಲೆಕ್ಕಕ್ಕೆ ಬರುತ್ತದೆ. ಕಾಲೇಜಿನ ವಿದೇಶಿ ವಿದ್ಯಾರ್ಥಿಗಳ ಅಧಿಕಾರಿಯ ಅನುಮತಿಯಿಲ್ಲದೆ ಒಂದು ಕೋರ್ಸನ್ನು ಬಿಟ್ಟು 12ಕ್ಕಿಂತ ಕೆಳಗೆ ಇಳಿದರೆ, ಆ ದೇಶದಲ್ಲಿ ಇರುವ ಹಕ್ಕಿಗೇ ಸಂಚಕಾರ. ಕಷ್ಟವಾದರೆ ಬಿಟ್ಟುಬಿಡು ಮಗಾ ಎಂದು ಇಲ್ಲಿಂದ ಫೋನಿನಲ್ಲಿ ಹೇಳುವುದು ಸುಲಭ. ಮೊದಲು ಆ ಅಧಿಕಾರಿಯನ್ನು ಕಾಣು ಎನ್ನಿ.

ನನ್ನ ಸೋದರ ಸೊಸೆಗೆ ಆ ಕಟ್ಟುಪಾಡಿರಲಿಲ್ಲ, ಅವಳದು ಕಾಯಂ ವಾಸದ ಹಕ್ಕು. ಹಾಗಾಗಿ ಲೆಕ್ಕ ಮಾಡಿದೆವು: 13 ಕ್ರೆಡಿಟ್ಟಿಗೆ 39 ಗಂಟೆ, ಅಂಗಡಿಯ 40 ಗಂಟೆ, ಮೇಲೆ ಮಗು. ತಂಗಿ ಬಹಳ ಹೊತ್ತು ಮಾತಾಡಲಿಲ್ಲ. ಸೆಮಿಸ್ಟರಿನ ಆರಂಭದ ದಿನಗಳಲ್ಲಿ ಕೋರ್ಸನ್ನು ಬಿಟ್ಟರೆ ಹಣ ಹಿಂದಿರುಗುತ್ತದೆ, ಅಂಕಪಟ್ಟಿಯಲ್ಲಿ ಗುರುತೂ ಉಳಿಯುವುದಿಲ್ಲ. ಗಡುವು ದಾಟಿದರೆ 'ಡಬ್ಲ್ಯೂ' ಎಂಬ ಅಕ್ಷರ ಉಳಿಯುತ್ತದೆ, ಹಣ ಸಾಮಾನ್ಯವಾಗಿ ಬರುವುದಿಲ್ಲ. ಗಡುವಿಗೆ ಇನ್ನೂ ನಾಲ್ಕು ದಿನಗಳಿದ್ದವು. ಅಂದೇ ರಾತ್ರಿ ಫೋನ್ ಮಾಡಿದೆವು. ಅವಳು ಸ್ವಲ್ಪ ಅತ್ತಳು. ಬಳಿಕ ಗಣಿತವನ್ನೂ ಮನಃಶಾಸ್ತ್ರವನ್ನೂ ಮುಂದಕ್ಕೆ ಹಾಕಿ, ಇಂಗ್ಲಿಷ್ ಮತ್ತು ಅಂಗರಚನಾಶಾಸ್ತ್ರ, ಹೀಗೆ 7 ಕ್ರೆಡಿಟ್ ಇಟ್ಟುಕೊಂಡಳು.

ಈ ಪದ ಈಗ ನಮ್ಮ ಕಾಲೇಜುಗಳಿಗೂ ಬಂದಿದೆ. ನಮ್ಮ ದೇಶದ 2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ ಒಂದು ಕ್ರೆಡಿಟ್ಟಿಗೆ 30 ಗಂಟೆಗಳ ಕಲಿಕೆ, ವರ್ಷಕ್ಕೆ 40 ಕ್ರೆಡಿಟ್. ಹಾಗಾಗಿ ಇಲ್ಲಿಯೇ ಓದುವ ಮಕ್ಕಳ ಪಟ್ಟಿಯನ್ನೂ ಒಮ್ಮೆ ಕೇಳಿ ನೋಡಿ.

ತಂಗಿಯ ಮನೆಯ ಕ್ಯಾಲೆಂಡರಿನಲ್ಲಿ ಈಗ ಗುರುವಾರಗಳ ಮೇಲೆ ಕೆಂಪು ಶಾಯಿಯಲ್ಲಿ 'ಆರ್' ಎಂದು ಬರೆದಿದೆ. ಅಂದು ಮಗಳಿಗೆ ಪ್ರಯೋಗಾಲಯ, ಫೋನ್ ಮಾಡಬಾರದು.